ನಮ್ಮ ಬಾಗಿಲ ಕ್ಯಾಮೆರಾ ನಮ್ಮ ಕೈಯಲ್ಲೇ

ಊರಲ್ಲಿ ಏನಾದರೂ ಕಳುವಾದರೆ ಮೊದಲು ಯಾರ ಮನೆ ಬಾಗಿಲು ತಟ್ಟುತ್ತಾರೆ? ಎಲ್ಲರಿಗೂ ಗೊತ್ತಿರುವ ವಿಷಯ ಇದು, ಬಾಯಿ ಬಿಟ್ಟು ಹೇಳುವವರಿಲ್ಲ ಅಷ್ಟೆ. ಮಳವಳ್ಳಿ ಕಡೆಯ ಈ ಊರಿನಲ್ಲಿ ತಟ್ಟುವುದು ಕೆಳಗಿನ ಬೀದಿಯ ಬಾಗಿಲನ್ನು.

ಆ ಬೀದಿಯ ಕೊನೆಯಲ್ಲಿ ಚಿಕ್ಕಮಾದಮ್ಮನ ಮನೆ. ಆಕೆ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಮಗ ಮಹದೇವು ತನ್ನ ಲಗೇಜ್ ಆಟೊದಲ್ಲಿ ರೈತರ ಎಳನೀರನ್ನು ಮದ್ದೂರು ಮಾರುಕಟ್ಟೆಗೆ ಸಾಗಿಸುತ್ತಾನೆ. ಸೊಸೆ ಶೋಭಿತಾ ಡಿಗ್ರಿ ಮುಗಿಸಿದವಳು, ಮಾತು ಕಡಿಮೆ.

ಒಂದು ಬೆಳಿಗ್ಗೆ ಮೇಲಿನ ಬೀದಿಯ ಯತೀಶನ ತೋಟದಲ್ಲಿ ಬೋರ್‌ವೆಲ್ಲಿನ ಕೇಬಲ್ ಕಳುವಾಗಿತ್ತು. ಅವನು ಹಾಲಿನ ಡೈರಿಯ ಮುಂದೆ ನಿಂತು, ಕ್ಯಾನು ಹಿಡಿದ ಜನರೆಲ್ಲ ಕೇಳುವಂತೆ ಒಂದು ಮಾತು ಅಂದ.

“ರಾತ್ರಿ ಮಾದೇವನ ಆಟೊ ನಮ್ಮ ತೋಟದ ಕಡೀಕೆ ಓದಂಗಾಯ್ತು.”

ಅಷ್ಟೇ ಅಂದದ್ದು. ಸಂಜೆಯೊಳಗೆ ಆಟೊದಲ್ಲಿ ಕೇಬಲ್ ಸುತ್ತಿಟ್ಟಿದ್ದನ್ನು ಕಣ್ಣಾರೆ ಕಂಡವರೂ ಹುಟ್ಟಿಕೊಂಡರು.

ಆ ರಾತ್ರಿ ಆಟೊ ಮನೆ ಮುಂದಿನಿಂದ ಕದಲಿರಲಿಲ್ಲ. ಅದನ್ನು ಬಲ್ಲವರು ಮನೆಯವರು ಮಾತ್ರ. ಮನೆಯವರ ಮಾತನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ? ಎಳನೀರು ಇಳಿಸಿದ ರೈತರು “ಈ ಸಲ ಬೇರೆ ಗಾಡಿಗೆ ಯೋಳಿದ್ದೀವಿ ಕಣ್ಲಾ” ಎನ್ನತೊಡಗಿದರು. ಆಟೊ ಖಾಲಿ ನಿಂತಿತು.

ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಶೋಭಿತಾ ಬಾಯಿಬಿಟ್ಟಳು.

“ಬಾಗಿಲಿಗೆ ಒಂದು ಕ್ಯಾಮೆರಾ ಹಾಕಿಸೋಣ ಅತ್ತೆ.”

“ನಮ್ಮನೇಲಿ ಏನೈತೆ ಅಂತ ಕ್ಯಾಮ್ರಾ? ಎಲ್ಡು ಕೋಳಿ, ಒಂದು ಮಿಕ್ಸಿ. ಮಿಕ್ಸಿನೂ ಕೆಟ್ಟು ಕೂತೈತೆ. ಕಳ್ಳ ಬಂದ್ರೆ ಪಾಪ, ಅವನೇ ಏನಾರ ಕೊಟ್ಟು ಓಗ್ಬೇಕು.”

“ಕಳ್ಳನಿಗಲ್ಲ ಅತ್ತೆ. ಕಳ್ಳ ಅಂತ ಕರೆಯೋಕೆ ಬರ್ತಾರಲ್ಲ, ಅವರಿಗೆ.”

ಮಹದೇವು ಸಿಟ್ಟಾದ. “ನಾನು ಕದ್ದಿಲ್ಲ ಅಂತ ನಾನೇ ಸಾಕ್ಷಿ ಇಟ್ಕಂಡು ಕೂರ್ಬೇಕಾ? ಅಂದೋನು ತಾನೆ ತೋರಿಸ್ಬೇಕು?”

“ನ್ಯಾಯ ಇರೋದು ಹಂಗೇ. ಊರು ಹಂಗಿಲ್ವಲ್ಲ. ಊರು ಸರಿಯಾಗೋವರೆಗೂ ಆಟೊ ಖಾಲಿ ನಿಲ್ಲಿಸ್ಕೊಂಡು ನೋಡ್ತಾ ಕೂರೋದಕ್ಕೆ ನಾನು ತಯಾರಿಲ್ಲ.”

ಅವಳು ಹಾಗೆ ಮಾತಾಡಿದ್ದನ್ನು ಅತ್ತೆ ಅವತ್ತೇ ಮೊದಲು ಕೇಳಿದ್ದು. ಮುಂದಿನ ಭಾನುವಾರ ಮೂವರೂ ಮಂಡ್ಯದ ಬಸ್ಸು ಹತ್ತಿದರು.

ಮಂಡ್ಯದ ಗುತ್ತಲಿನಲ್ಲಿರುವ ಕವಿತ ಶೋಭಿತಾಳ ಕಾಲೇಜು ಗೆಳತಿ. ಒಂದು ಕ್ಯಾಮೆರಾ ಅಂಗಡಿಯಲ್ಲಿ ಕೆಲಸ. ಅಂಗಡಿಗೆ ಕಾಲಿಟ್ಟ ಕೂಡಲೇ ಮಹದೇವುವಿನ ಕಣ್ಣು ಒಂದು ದುಂಡು ಕ್ಯಾಮೆರಾದ ಮೇಲೆ ಬಿತ್ತು.

“ಇದು ಸುತ್ತ ತಿರುಗುತ್ತಂತೆ. ಕಳ್ಳ ಬಂದ್ರೆ ಕೂಗುತ್ತಂತೆ.”

“ತಿರುಗೋದು, ಕೂಗೋದು ಆಮೇಲೆ ಅಣ್ಣ,” ಎಂದಳು ಕವಿತ. “ನಿಮಗೆ ಕ್ಯಾಮೆರಾ ಯಾತಕ್ಕೆ ಬೇಕು? ಅದನ್ನ ಮೊದಲು ಹೇಳಿ.”

ಶೋಭಿತಾ ನಡೆದದ್ದನ್ನೆಲ್ಲ ಹೇಳಿದಳು. ಕವಿತ ಕೈಗೆತ್ತಿಕೊಂಡಿದ್ದ ಒಂದು ಡಬ್ಬಿಯನ್ನು ವಾಪಸ್ ಇಟ್ಟಳು.

“ಹಂಗಾದ್ರೆ ಈ ಬ್ಯಾಟರಿದು ನಿಮಗೆ ಆಗಲ್ಲ. ಏನಾದ್ರೂ ಅಲ್ಲಾಡಿದಾಗ ಮಾತ್ರ ಎದ್ದು ರೆಕಾರ್ಡ್ ಮಾಡುತ್ತೆ, ಮಿಕ್ಕ ಹೊತ್ತು ನಿದ್ದೆ. ಬಾಗಿಲಿಗೆ ಯಾರು ಬಂದ್ರು ಅಂತ ತಿಳಿಯೋಕೆ ಇದು ಸಾಕು. ಆದ್ರೆ ನೀವು ತೋರಿಸ್ಬೇಕಾಗಿರೋದು ಆಟೊ ಕದಲಲೇ ಇಲ್ಲ ಅಂತ. ಅದಕ್ಕೆ ಹಗಲೂ ರಾತ್ರಿ ಬಿಡದೆ ರೆಕಾರ್ಡ್ ಮಾಡೋದು ಬೇಕು, ತಾರೀಕು ಟೈಮು ಸಮೇತ. ಅದು ಕರೆಂಟಿನಲ್ಲೇ ನಡೆಯೋದು.”

“ವೈರಿಲ್ದಿರೋ ಕ್ಯಾಮ್ರಾನೂ ಬತ್ತವೆ ಅಂತಾರಲ್ಲವ್ವ?” ಎಂದರು ಚಿಕ್ಕಮಾದಮ್ಮ.

“ಚಿತ್ರ ಕಳಿಸೋಕೆ ವೈರು ಬೇಡ ಅಮ್ಮ. ಕರೆಂಟಿಗೆ ವೈರು ಬೇಕೇ ಬೇಕು.”

“ನಮ್ಮೂರ ಕರೆಂಟ ನಂಬ್ಕಂಡಾ? ಅದು ಮನೇಗೆ ಬಂದ ಬೀಗನಂಗೆ. ಯಾವಾಗ ಮುನಿಸ್ಕಂಡು ಎದ್ದೋಗುತ್ತೋ ಯೋಳಕಾಗಲ್ಲ.”

ಕವಿತ ನಕ್ಕು, ಸಣ್ಣ ಬ್ಯಾಟರಿ ಡಬ್ಬಿಯೊಂದನ್ನು ಮುಂದಿಟ್ಟಳು. ಕರೆಂಟು ಹೋದರೆ ಕೆಲವು ಗಂಟೆ ಅದೇ ಕ್ಯಾಮೆರಾವನ್ನು ನಡೆಸುತ್ತದೆ. ಚಿತ್ರವೆಲ್ಲ ಕ್ಯಾಮೆರಾದ ಒಳಗಿನ ಮೆಮೊರಿ ಕಾರ್ಡಿನಲ್ಲಿ ಉಳಿಯುತ್ತದೆ, ನೆಟ್ ಇಲ್ಲದಿದ್ದರೂ ಕೂಡ. ಕಾರ್ಡು ತುಂಬಿದ ಮೇಲೆ ಹಳೆಯದು ತಾನಾಗಿ ಅಳಿಯುತ್ತದೆ. ಬೇಕಾದದ್ದನ್ನು ಕೂಡಲೇ ಫೋನಿಗೆ ಇಳಿಸಿಕೊಳ್ಳಬೇಕು. ಮನೆಯಲ್ಲಿ ವೈಫೈ ಇರಲಿಲ್ಲವಾದ್ದರಿಂದ ಸಿಮ್ ಹಾಕುವ ಕ್ಯಾಮೆರಾವನ್ನೇ ತೋರಿಸಿದಳು. ಮಳೆ ತಡೆಯುವಂಥದ್ದು, ಸರ್ಕಾರದ ಸುರಕ್ಷತಾ ಪರೀಕ್ಷೆ ಪಾಸಾದದ್ದು. ಆಮೇಲೆ ಹಿಂದಿನ ಕೋಣೆಯ ದೀಪ ಆರಿಸಿ, ಗೋಡೆಗೊಂದು ನಂಬರ್ ಪ್ಲೇಟು ಒರಗಿಸಿ, “ಕತ್ತಲಲ್ಲಿ ಓದೋಕಾಗುತ್ತಾ ನೀವೇ ನೋಡಿ. ಅಂಗಡಿಯವರ ಮಾತು ನಂಬಬೇಡಿ, ನನ್ನದೂ ಸೇರಿಸಿ,” ಎಂದಳು.

ಓದಲು ಬಂತು. ಕೊಂಡರು.

ಮನೆಯಲ್ಲಿ ಕ್ಯಾಮೆರಾ ಕೂರಿಸುವಾಗ ಯತೀಶನ ತಮ್ಮ ಪುನೀತ್ ಬೈಕ್ ನಿಲ್ಲಿಸಿದ. ಮಹದೇವುವಿನ ಜೊತೆ ಓದಿದವನು.

“ಲೇ ಮಾದೇವ, ಸಿಮ್ಮು ಯಾಕ್ಲಾ? ತಿಂಗ್ಳು ತಿಂಗ್ಳು ರೀಚಾರ್ಜು ದಂಡ. ನಮ್ಮ ವೈಫೈ ಇಲ್ಲೀಗಂಟ ಸಿಗುತ್ತೆ, ತಕೋ. ತಾ ಇಲ್ಲಿ, ನನ್ನ ಫೋನಿಗೆ ಸೇರಿಸ್ಕತೀನಿ. ಮೇಲ್ಗಡೆ ಬೀದಿ ಕ್ಯಾಮ್ರಾ ಎಲ್ಲಾ ನನ್ನ ಫೋನಲ್ಲೇ ಇರೋದು.”

ಚಿಕ್ಕಮಾದಮ್ಮನಿಗೆ ಸಂಕೋಚ. “ದೊಡ್ಡೋರ ಮನೆಯೋರು, ತಾವಾಗಿ ಬಂದು ಕೊಡ್ತೀನಿ ಅಂತಾವ್ರೆ. ಬ್ಯಾಡ ಅನ್ನಬಾರ್ದು ಮಗ.”

ಮಹದೇವು ಫೋನಿಗೆ ಕೈ ಹಾಕಿದ. ಶೋಭಿತಾ ಏಣಿಯ ಮೇಲಿಂದಲೇ ಅಂದಳು:

“ಬೇಡ ಪುನೀತಣ್ಣ.”

“ಯಾಕವ್ವ?”

“ಬೀಗ ನಮ್ಮ ಬಾಗಿಲಿಗೆ, ಬೀಗದ ಕೈ ನಿಮ್ಮ ಜೇಬಲ್ಲಿ. ಅಂಥ ಬೀಗ ಇದ್ದರೇನು, ಇಲ್ಲದಿದ್ದರೇನು?”

“ಅಂದ್ರೆ ನಮ್ಮ ಮ್ಯಾಲೆ ನಂಬ್ಕೆ ಇಲ್ಲ ಅನ್ನು.”

“ನಂಬಿಕೆ ಮಾತು ಡೈರಿ ಮುಂದೆ ಮುಗೀತಲ್ಲ ಅಣ್ಣ. ಮೊದಲು ಮುಗಿಸಿದವರು ನಾವಲ್ಲ.”

ಪುನೀತ್ ಬೈಕ್ ಹತ್ತಿ ಹೊರಟ. ಚಿಕ್ಕಮಾದಮ್ಮ ಸೊಸೆಯನ್ನು ಬೈದರು. ಶೋಭಿತಾ ಬೈಸಿಕೊಂಡೇ ತನ್ನ ಫೋನ್ ನಂಬರಿನಲ್ಲಿ ಕ್ಯಾಮೆರಾದ ಖಾತೆ ತೆರೆದಳು. ಡಬ್ಬಿಯ ಜೊತೆ ಬಂದಿದ್ದ ಪಾಸ್‌ವರ್ಡ್ ತೆಗೆದು ಹೊಸದು ಹಾಕಿದಳು. ಹೊಸ ಫೋನಿನಿಂದ ಯಾರಾದರೂ ಒಳಹೋಗಲು ನೋಡಿದರೆ ತನ್ನ ನಂಬರಿಗೆ ಒಟಿಪಿ ಬರುವಂತೆ ಮಾಡಿದಳು. ಪರದೆಯಲ್ಲಿ ಆಟೊ, ಮೆಟ್ಟಿಲು, ಬಾಗಿಲು ಕಂಡವು. ಎದುರುಮನೆಯ ಬಚ್ಚಲಿನ ಮೂಲೆಯೂ ಕಂಡಿತು. ಅದು ಮರೆಯಾಗುವ ತನಕ ಕ್ಯಾಮೆರಾವನ್ನು ಕೆಳಕ್ಕೆ ಬಗ್ಗಿಸಿದಳು. ಮನೆಯೊಳಗೆ ಒಂದನ್ನೂ ಹಾಕಲಿಲ್ಲ.

ಮಳೆಗಾಲ ಶುರುವಾದ ಮೇಲೆ ಒಂದು ಬೆಳಿಗ್ಗೆ ಯತೀಶ ಇಬ್ಬರನ್ನು ಕರೆದುಕೊಂಡು ಬಾಗಿಲಿಗೇ ಬಂದ. ಹೊಸ ಕೇಬಲ್ಲೂ ಹೋಗಿತ್ತು.

“ಮಾದೇವ ಎಲ್ಲಿ? ರಾತ್ರಿ ಎಲ್ಲಿಗೆ ಓಗಿದ್ದ?”

ಮಹದೇವು ಎದ್ದು ಬರುವ ಮೊದಲೇ ಚಿಕ್ಕಮಾದಮ್ಮ ಹೊಸ್ತಿಲ ಮೇಲೆ ನಿಂತರು.

“ಕೇಳೋದ್ಯಾಕೆ ಯತೀಸಪ್ಪ, ನೋಡು. ಸೋಬಿತಾ, ತತ್ತಾ ಫೋನ.”

ರಾತ್ರಿ ಊರಿಗೆಲ್ಲ ಕರೆಂಟು ಹೋಗಿತ್ತು. ಆದರೂ ಬ್ಯಾಟರಿ ಡಬ್ಬಿ ಕ್ಯಾಮೆರಾವನ್ನು ನಡೆಸಿತ್ತು, ಫೋನಿನಲ್ಲಿ ರಾತ್ರಿಯ ಚಿತ್ರ ವೇಗವಾಗಿ ಓಡಿತು. ಆಟೊ ನಿಂತಿದೆ. ಮಳೆ ಬರುತ್ತಿದೆ. ಬೀದಿನಾಯಿಯೊಂದು ಆಟೊದ ಹಿಂಬದಿಗೆ ಹಾರಿ ಮುದುರಿ ಮಲಗಿತು. ಬೆಳಗಾಯಿತು, ನಾಯಿ ಇಳಿಯಿತು, ಆಟೊ ಅಲ್ಲೇ ಇದೆ. ಬಂದವರಲ್ಲಿ ಒಬ್ಬ, “ನಾಯಿಯೇನಾರ ಕೇಬಲ್ ಕದೀತಾ ಕೇಳಣ್ಣ,” ಎಂದ. ಯತೀಶ ನಗಲಿಲ್ಲ.

“ನಿಮ್ಮ ಕ್ಯಾಮೆರಾದಲ್ಲಿ ಏನು ಬಂದಿದೆ ಅಣ್ಣ?” ಎಂದು ಶೋಭಿತಾ ಕೇಳಿದಳು.

“ಕರೆಂಟು ಓದ್ಮೇಲೆ ಅದರಾಗೆ ಏನೂ ಬಂದಿಲ್ಲ,” ಎಂದು ಗೊಣಗಿ, “ಆ ಕಾರ್ಡು ಕೊಡು ಇಲ್ಲಿ,” ಅಂದ.

“ಕಾರ್ಡು ಕೊಡಲ್ಲ. ಈ ರಾತ್ರಿದು ಇಳಿಸಿ ಇಟ್ಕೋತೀನಿ. ಪೊಲೀಸ್ನೋರು ಕೇಳಿದ್ರೆ ಅವರಿಗೆ ಕೊಡ್ತೀನಿ.”

“ಸರಿ ಬುಡು,” ಎಂದು ಯತೀಶ ತಿರುಗಿದ.

“ನಿಂತ್ಕೋ,” ಎಂದರು ಚಿಕ್ಕಮಾದಮ್ಮ. “ಸರಿ ಬುಡು ಅಂತ ನನ್ನ ಬಾಗಿಲಲ್ಲಿ ಅಂದ್ರೆ ಆಗಕಿಲ್ಲ. ಡೈರಿ ಮುಂದೆ ಅಂದಿದ್ದೆ, ಅಲ್ಲೇ ಬಂದು ಯೋಳು. ನಡಿ, ಈಗ ಹಾಲಾಕೋ ಒತ್ತೆಯ. ಎಲ್ರೂ ಇರ್ತಾರೆ.”

“ಅಮ್ಮಣ್ಣಿ, ಆಯ್ತು ಅಂದ್ನಲ್ಲ.”

“ಆಗಿಲ್ಲ ಕಣಪ್ಪ. ನನ್ನ ಮಗನ ಬಾಡಿಗೆ ಓಗಿರೋದು ನಿನ್ನ ಬಾಯಿಂದ. ನಿನ್ನ ಬಾಯಿಂದಲೇ ಬರ್ಲಿ.”

ಆಕೆ ಮುಂದೆ ನಡೆದರು. ಶೋಭಿತಾ, ಮಹದೇವು ಹಿಂದೆ. ಬಂದಿದ್ದ ಇಬ್ಬರೂ ಮುಖ ಮುಖ ನೋಡಿಕೊಂಡು ಹೊರಟರು. ಒಬ್ಬನೇ ನಿಲ್ಲಲಾಗದೆ ಯತೀಶನೂ ಹೊರಟ.

ಡೈರಿಯ ಮುಂದೆ ಅವನು ನೆಲ ನೋಡುತ್ತಾ ಹೇಳಿದ: “ರಾತ್ರಿ ಮಾದೇವನ ಆಟೊ ಎಲ್ಲೂ ಓಗಿಲ್ಲ. ನಾನೇ ನೋಡ್ದೆ.” ಚಿಕ್ಕಮಾದಮ್ಮ ಕದಲಲಿಲ್ಲ. ಅವನು ಇನ್ನೊಂದು ಮಾತು ಸೇರಿಸಬೇಕಾಯಿತು. “ಅವತ್ತೂ ನಾನು ಕಂಡಿರ್ಲಿಲ್ಲ. ಸುಮ್ಕೆ ಅಂದೆ.”

ಎಲ್ಲರೂ ನಂಬಿದರೆಂದಲ್ಲ. ಕೆಲವರು ಕೇಳಿಸದವರಂತೆ ಕ್ಯಾನು ತೊಳೆಯುತ್ತಿದ್ದರು. ಆದರೆ ಸಾಲಿನಲ್ಲಿದ್ದ ತಿಮ್ಮಯ್ಯ, “ಮಾದೇವ, ನಾಳಿಕ್ಕೆ ಎಳನೀರು ಇಳಿಸ್ತೀವಿ. ಬತ್ತೀಯೇನ್ಲಾ?” ಎಂದು ಗಟ್ಟಿಯಾಗಿ ಕೇಳಿದರು.

“ಬತ್ತಾನೆ,” ಎಂದರು ಚಿಕ್ಕಮಾದಮ್ಮ. “ಬಾಡಿಗೆ ಮಾತ್ರ ಓದ್ ಸಲದಷ್ಟಲ್ಲ.”

ನಮ್ಮ ಮಹಿಳಾ ಸಂಘದ ಅಕ್ಕಂದಿರೇ, ಕ್ಯಾಮೆರಾ ದೊಡ್ಡ ಮನೆಗಳಿಗೆ ಮಾತ್ರ ಎಂದುಕೊಳ್ಳಬೇಡಿ. ಚಿನ್ನ ಇಲ್ಲದ ಮನೆಯಲ್ಲೂ ಮಾನ ಇರುತ್ತದೆ. ಆದರೆ ಅಂಗಡಿಗೆ ಹೋಗುವ ಮೊದಲು ನಿಮಗೆ ಏನು ಕಾಣಬೇಕು ಎಂದು ನೀವೇ ತೀರ್ಮಾನಿಸಿ. ಕರೆಂಟು ಹೋದಾಗ ಏನಾಗುತ್ತದೆ, ಚಿತ್ರ ಎಲ್ಲಿ ಉಳಿಯುತ್ತದೆ ಎಂದು ಕೇಳಿ, ಉತ್ತರ ಸಿಗುವ ತನಕ ಕೇಳಿ. ನಿಮ್ಮ ಕ್ಯಾಮೆರಾ ಪಕ್ಕದವರ ಬಚ್ಚಲನ್ನು, ನಲ್ಲಿಯನ್ನು ನೋಡದಿರಲಿ. ಪಕ್ಕದವರದು ನಿಮ್ಮದನ್ನು ನೋಡುತ್ತಿದ್ದರೆ ತಿರುಗಿಸಿ ಎಂದು ಹೇಳಲು ಹೆದರಬೇಡಿ. ಪಾಸ್‌ವರ್ಡ್ ನಿಮ್ಮದಾಗಿರಲಿ. ಕೂರಿಸಿಕೊಟ್ಟವರಿಗೆ, ನೆಂಟರಿಗೆ, ಉಪಕಾರ ಮಾಡಲು ಬಂದವರಿಗೆ, ಯಾರಿಗೂ ಬೇಡ.

ಕೊಡುವುದಿಲ್ಲ ಎಂದರೆ ಬೇಸರ ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ.