ಖಾಲಿ ಹಾಳೆಯ ಹತ್ತು ಸಹಿ

ದಾಖಲೆ ಕಚೇರಿಯಿಂದ ಅಂಚೆಯಲ್ಲಿ ಬಂದ ಕಟ್ಟನ್ನು ಬಿಚ್ಚಿ ಅವಳು ವರ್ಷವಾರು ನೆಲದ ಮೇಲೆ ಹರಡಿದಳು. ಹೊಲಿಗೆ ಯಂತ್ರವನ್ನು ಗೋಡೆಗೆ ತಳ್ಳಿದರೂ ಜಾಗ ಸಾಲಲಿಲ್ಲ. ಗಂಡ ಸೈನ್ಯದಲ್ಲಿದ್ದವನು, ಆರು ವರ್ಷದ ಹಿಂದೆ ಸ್ಫೋಟವೊಂದಕ್ಕೆ ಎರಡೂ ಕಿವಿ ಕೊಟ್ಟು ಮನೆಗೆ ಬಂದವನು. ಅಂಗವೈಕಲ್ಯ ಪಿಂಚಣಿಗೆ ಅರ್ಜಿ ಹಾಕಲು ನಾಳೆಯೇ ಕೊನೆಯ ದಿನ. ವೈದ್ಯಕೀಯ ದಾಖಲೆ ಒಂದಕ್ಕೊಂದು ತಾಳೆಯಾಗದಿದ್ದರೆ ಅರ್ಜಿ ಹೊಸ್ತಿಲಲ್ಲೇ ಸತ್ತಂತೆ.

"ಆಸ್ಪತ್ರೆ ಚೀಟಿ ಕೇಳಿದ್ರೆ ಎಕ್ಸ್‌ರೇ ಕೊಡ್ತೀರಲ್ಲ! ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು."

ಅವನು ತುಟಿ ನೋಡಿ ಮಾತು ಹಿಡಿಯುತ್ತಿದ್ದ. "ಕೋಣ ಅಂದಿದ್ದು ಮಾತ್ರ ಚೆನ್ನಾಗಿ ಗೊತ್ತಾಯ್ತು ಕಣೇ."

ಅವಳು ನಗಲಿಲ್ಲ. ಬೆರಳು ಒಂದು ತಪಾಸಣೆ ನಮೂನೆಯ ಮೇಲೆ ನಿಂತಿತ್ತು. ಸ್ಫೋಟವಾದ ಆರನೇ ದಿನದ್ದು. ಎರಡೂ ಕಿವಿ ಸರಿ. ನಾಡಿ ಎಪ್ಪತ್ತೆರಡು. ಸೇವೆಗೆ ಯೋಗ್ಯ. ಕೆಳಗೆ ಅವನದೇ ಸಹಿ. ಆ ದಿನ ಅವನಿಗೆ ಪ್ರಜ್ಞೆಯೇ ಇರಲಿಲ್ಲ.

"ರೀ, ಇದಕ್ಕೆ ಯಾವಾಗ ಸಹಿ ಹಾಕಿದ್ರಿ?"

"ಗಡಿಗೆ ಹೊರಡೋ ಮುಂಚೆ. ಎಲ್ಲರ ಹತ್ರಾನೂ ಹತ್ತತ್ತು ಖಾಲಿ ಹಾಳೆಗೆ ಹಾಕಿಸ್ಕೊಳ್ತಿದ್ರು. ಅಲ್ಲಿಗೆ ಡಾಕ್ಟರು ಯಾರು ಬರ್ತಾರೆ? ಆಮೇಲೆ ವರ್ಷಕ್ಕೊಂದು ತಪಾಸಣೆ ಅಂತ ಗುಮಾಸ್ತನೇ ತುಂಬ್ಕೊಳ್ತಿದ್ದ. ನಾವೂ ನಗ್ತಾ ಗೀಚಿದ್ವಿ."

ಅವಳು ಹಾಳೆ ತಿರುವಿದಳು. ಮರುವರ್ಷದ್ದೂ ಇತ್ತು, ಅವನು ಮನೆಗೆ ಬಂದ ಮೇಲಿನದು. ಅದರ ಮರುವರ್ಷದ್ದೂ. ಕೊನೆಯದು ಹೋದ ತಿಂಗಳದ್ದು. ನಾಡಿ ಎಪ್ಪತ್ತೆರಡು. ಕಾಗದದ ಲೆಕ್ಕದಲ್ಲಿ, ಎಲ್ಲೋ ಒಂದು ಕೋಣೆಯಲ್ಲಿ ಅವಳ ಗಂಡ ಈಗಲೂ ಅಂಗಿ ಬಿಚ್ಚಿ ಸಾಲಿನಲ್ಲಿ ನಿಂತಿದ್ದಾನೆ. ಯಾರೋ ಕಿವಿಯ ಬಳಿ ಪಿಸುಗುಡುತ್ತಾರೆ. ಅವನಿಗೆ ಕೇಳಿಸುತ್ತಿದೆ.

ಆ ಹಾಳೆಯ ಬೆನ್ನಿಗೆ ಇನ್ನೊಂದು ಅಂಟಿಕೊಂಡಿತ್ತು. ಗಂಡ ಅದರ ಮೇಲಿನ ಹೆಸರು ಓದಿದ.

"ಏಣಿದು."

ಏಣಿ ಎಂದರೆ ಅವನ ಉದ್ದನೆಯ ಜೊತೆಗಾರ. ಅದೇ ಕಂದಕದಲ್ಲಿ, ಅದೇ ಸ್ಫೋಟಕ್ಕೆ, ಇವನ ಪಕ್ಕದಲ್ಲೇ ಸತ್ತವನು. ಹೋದ ತಿಂಗಳು ಅವನ ಎರಡೂ ಕಿವಿ ಸರಿಯಿದ್ದವು. ಸೇವೆಗೆ ಯೋಗ್ಯ.

"ವಾಪಸ್ ಕಳಿಸೋಣ," ಅವನೆಂದ. "ಪಾಪ, ಅವನ ಕಾಗದ."

"ಯಾಕೆ ಕಳಿಸ್ಬೇಕು? ಸಾಯೋಕೆ ಕಳಿಸಿದವರ ಕಾಗದಕ್ಕೆ ಅವನು ಸತ್ತಿದ್ದೇ ಗೊತ್ತಿಲ್ಲ. ಇವನೇ ನಮ್ಮ ಸಾಕ್ಷಿ."

ಮರುದಿನ ಪಿಂಚಣಿ ಕಚೇರಿಯ ಕಿಟಕಿಯಲ್ಲಿದ್ದ ಗುಮಾಸ್ತ ಕಟ್ಟನ್ನು ಮಗುಚಿ ಹಾಕಿ ಹಿಂದಕ್ಕೆ ತಳ್ಳಿದ. "ಕಿವಿ ಸರಿ ಇದೆ ಅಂತ ಇವರೇ ಸಹಿ ಹಾಕಿದಾರಲ್ಲಮ್ಮ. ಕಾಗದ ಸುಳ್ಳು ಹೇಳುತ್ತಾ?"

ಅವಳು ಏಣಿಯ ಹಾಳೆಯನ್ನು ಅದರ ಮೇಲಿಟ್ಟಳು. "ನಿಮ್ಮ ಬಾಗಿಲ ಪಕ್ಕದ ಹುತಾತ್ಮರ ಕಲ್ಲಿನಲ್ಲಿ ಇವರ ಹೆಸರು ಕೆತ್ತಿದೀರಿ. ಹೋದ ತಿಂಗಳು ಇವರಿಗೆ ಕಿವಿ ಚೆನ್ನಾಗಿ ಕೇಳ್ತಿತ್ತಂತೆ. ಕೂಗಿ ನೋಡಿ."

ಅವಳನ್ನು ನಾಚಿಸಲೆಂದೇ ಗುಮಾಸ್ತ ಹಾಳೆಯ ಮೇಲಿನ ಸೇವಾ ಸಂಖ್ಯೆಯನ್ನು ಗಟ್ಟಿಯಾಗಿ ಕೂಗಿದ.

ಸಾಲಿನ ತುದಿಯಲ್ಲಿದ್ದ ಮುದುಕಿ ಸುಮ್ಮನೆ ಪಕ್ಕಕ್ಕೆ ಸರಿದಳು. ಅವಳ ಮುಂದಿನವನೂ ಸರಿದ. ಒಬ್ಬೊಬ್ಬರಾಗಿ ಎಲ್ಲರೂ ಸರಿದು, ಬಾಗಿಲಿಂದ ಕಿಟಕಿಯವರೆಗೆ ಒಬ್ಬನು ನಡೆದು ಬರುವಷ್ಟು ದಾರಿಯಾಯಿತು. ಕೊನೆಗೆ, ಗೋಡೆಯತ್ತ ಮುಖ ಮಾಡಿ ನಿಂತಿದ್ದ ಅವಳ ಗಂಡ, ಏನೂ ಕೇಳಿಸದವನು, ಅರ್ಧ ಹೆಜ್ಜೆ ಎಡಕ್ಕಿಟ್ಟು ಹೆಗಲ ಪಕ್ಕದಲ್ಲಿ ಜಾಗ ಬಿಟ್ಟ.

ಗುಮಾಸ್ತ ತಲೆ ಎತ್ತಲಿಲ್ಲ. 'ಹಳೆಯ ತಪಾಸಣೆ ನಂಬಲರ್ಹವಲ್ಲ, ಹೊಸದಾಗಿ ನಡೆಸುವುದು' ಎಂದು ಕೆಂಪು ಶಾಯಿಯಲ್ಲಿ ಬರೆದು, ಅರ್ಜಿಗೆ ಮುದ್ರೆ ಒತ್ತಿದ.

"ಇವರಿಗೂ ಒಂದು ಅರ್ಜಿ ಕೊಡಿ," ಎಂದಳು ಅವಳು, ಗಂಡನ ಪಕ್ಕದ ಖಾಲಿ ಜಾಗ ತೋರಿಸಿ.

ಗುಮಾಸ್ತ ಕೊಟ್ಟ.