ಕರಿ ಎರಡರ ಗಂಗಾದೇವಿ

ಗಂಗಾದೇವಿಯವರು ಮನುಷ್ಯರ ಹೆಸರು ಮರೆತಾರು, ಅವರ ಶ್ರುತಿ ಮರೆಯುವವರಲ್ಲ. ನಲವತ್ತೈದು ವರ್ಷ ನಾಟಕದ ಹಾರ್ಮೋನಿಯಂ ಪಕ್ಕದಲ್ಲಿ ಹಾಡಿ ಪಳಗಿದ ಕಿವಿ; ವಿದ್ಯಾರಣ್ಯಪುರದ ಬಸ್ಸಿನ ಕಂಡಕ್ಟರು ಅವರಿಗೆ ‘ಬಿಳಿ ನಾಲ್ಕು’, ಎದುರುಮನೆಯ ರಾಧಾಮಣಿ ‘ಕರಿ ಮೂರು’, ತಮ್ಮದೇ ಕುಕ್ಕರಿನ ಸೀಟಿ ಮಾತ್ರ ಶುದ್ಧ ಅಪಸ್ವರ. ತಮ್ಮದು ಯಾವುದೆಂದು ಕೇಳಿದರೆ, ಏಪ್ರಿಲ್ ಬಿಸಿಲಲ್ಲೂ ಬಿಚ್ಚದ ಮಫ್ಲರನ್ನು ಸರಿಪಡಿಸಿಕೊಂಡು, ಹಾರ್ಮೋನಿಯಂನ ಎರಡನೆಯ ಕಪ್ಪು ಪಟ್ಟಿಯನ್ನು ನೆನೆದು, ‘ಕರಿ ಎರಡು’ ಎನ್ನುತ್ತಿದ್ದರು, ಕುಲಗೋತ್ರ ಹೇಳುವ ಗತ್ತಿನಲ್ಲಿ.

ಗದಗಿನ ಕಡೆಯವರು. ಹದಿನಾರಕ್ಕೇ ನಾಟಕ ಕಂಪನಿ ಸೇರಿದ್ದರು. ಕಂಪನಿಯ ಡೇರೆ ಮುಚ್ಚಿದಾಗ ಒಂದು ಟ್ರಂಕಿನೊಡನೆ ಯಶವಂತಪುರದಲ್ಲಿ ರೈಲಿಳಿದರು. ಇತ್ತಲ ಹಳೆಯ ಊರುಗಳ ಗೌಡರು ಪೌರಾಣಿಕ ನಾಟಕ ಕಟ್ಟುವಾಗ ರಾಜರ ಪಾರ್ಟೆಲ್ಲ ತಾವೇ ಹಂಚಿಕೊಂಡು, ರಾಣಿಯ ಪಾರ್ಟಿಗೆ ಮಾತ್ರ ಹೊರಗಿನ ನಟಿಯನ್ನು ಕರೆಸುವುದು ರೂಢಿ. ಹಾಗೆ ಹೆಬ್ಬಾಳದಿಂದ ಯಲಹಂಕದವರೆಗೆ ಅದೆಷ್ಟು ರಾಜರಿಗೆ ಪಟ್ಟದರಾಣಿಯಾದರೋ! ರಾಜನಿಗೆ ಮಾತು ಮರೆತರೆ ಸೆರಗಿನ ಮರೆಯಿಂದ ಅವನ ಸಾಲನ್ನೂ ಹೇಳಿಕೊಡುವರು. ತರಕಾರಿ ಅಂಗಡಿಗೆ ಹೋದರೂ ಹೊಸ್ತಿಲಲ್ಲಿ ಒಂದು ಕ್ಷಣ ತಡೆದು, ಬಲಗಾಲಿಟ್ಟು ರಂಗಪ್ರವೇಶ ಮಾಡುವ ನಡಿಗೆ ಅವರದು. ಹಟವೂ ಒಂದಿತ್ತು. ಸಭಿಕರು ‘ಒನ್ಸ್ ಮೋರ್’ ಎಂದರೆ ಅದೇ ಪದವನ್ನು ಇನ್ನೂ ಒಂದು ಪಟ್ಟಿ ಮೇಲಕ್ಕೇರಿಸಿಯೇ ಹಾಡಬೇಕು.

ಈ ವರ್ಷ, ಅರವತ್ತೊಂದರಲ್ಲಿ, ಯಲಹಂಕದ ಪ್ರಾಕ್ಟೀಸಿನಲ್ಲಿ ತಾರಕಕ್ಕೆ ಹೋದ ಕಂಠ ಮೂರು ಸಲ ಒಡೆಯಿತು. ಹಾರ್ಮೋನಿಯಂ ಮೇಷ್ಟ್ರು ಬಾಲರಾಜ್ ತಲೆ ತಗ್ಗಿಸಿದರು.

“ಮಾಸ್ತರ, ಐತಾರ ಏರ್ಲಿಲ್ಲಂದ್ರ ಅದಽ ನನ್ನ ಕಡೀ ನಾಟಕ. ಪಟ್ಟಿ ಮಾತ್ರ ಇಳಸಬ್ಯಾಡ್ರಿ,” ಎಂದರು ಗಂಗಾದೇವಿ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾಟಕ. ‘ಒನ್ಸ್ ಮೋರ್’ ಬಿಟ್ಟರೆ ಇಡೀ ಆಟಕ್ಕೆ ಒಂದೇ ಶ್ರುತಿ. ಅದರಲ್ಲಿ ರಾಜನ ಮಾತೇ ಕೊನೆ. ಇಪ್ಪತ್ತು ವರ್ಷದಿಂದ ಅವರ ಜೊತೆ ರಾಜನಾಗಿದ್ದ ಕೆಂಪಾಪುರದ ಮುನಿಆಂಜಿನಪ್ಪ, ಕಿರೀಟ ಕಟ್ಟಿಸಿಕೊಳ್ಳುತ್ತಲೇ ಕೂಗಿದರು:

“ಮೇಷ್ಟ್ರೇ, ನಂಗೆ ಗಂಟ್ಲು ಕಟ್ಕೊಂಡೈತೆ. ಕರಿ ಒಂದ್ಕೆ ಇಳ್ಸ್‌ಬುಡಿ.”

“ಈಗಷ್ಟ ಬಣ್ಣ ಹಚ್ಚಾಂವಗ ಒದರಿದ್ರಲ್ರೀ ಗೌಡ್ರ? ಗಂಟಲಾ ಗಟ್ಟಿ ಐತಿ.”

“ಸುಮ್ಕಿರಕ್ಕ. ಇಪ್ಪತ್ ವರ್ಸ ನಿನ್ ಎತ್ರುಕ್ಕೆ ನಾನ್ ಕತ್ತು ಚಾಚ್ಕೊಂಡು ಆಡಿವ್ನಿ. ಇವತ್ತೊಂದಿನ ನೀನ್ ನನ್ ಎತ್ರುಕ್ಕೆ ಬಾ.”

ಗಂಗಾದೇವಿಯವರಿಗೆ ಸಿಟ್ಟೂ ಬಂತು, ಕಣ್ಣೂ ತುಂಬಿತು. ಬಣ್ಣ ಕೆಡುವುದೆಂದು ಎರಡನ್ನೂ ನುಂಗಿಕೊಂಡರು. ಆ ದಿನ ರಾಣಿಯ ವಿರಹದ ಪದ ಕರಿ ಒಂದರಲ್ಲಿ ಹೊರಟಿತು. ಏರಬೇಕೆಂಬ ಆತಂಕವಿಲ್ಲದ ಕಂಠದಲ್ಲಿ, ಇಷ್ಟು ವರ್ಷ ಓಡುತ್ತ ದಾಟಿದ್ದ ಸಾಲುಗಳಿಗೆ ಮೊದಲ ಬಾರಿಗೆ ದುಃಖ ಬಂದು ಕೂತಿತು. ‘ಒನ್ಸ್ ಮೋರ್’ ಬಿದ್ದಿತು. ಬಾಲರಾಜರ ಬೆರಳು ಅಭ್ಯಾಸಬಲದಿಂದ ಮೇಲಿನ ಪಟ್ಟಿಗೆ ಹೊರಟಿತು. ಗಂಗಾದೇವಿ ಅವರತ್ತ ನೋಡಿ ಬೇಡವೆಂದು ತಲೆಯಾಡಿಸಿ, ಇದ್ದಲ್ಲಿಂದಲೇ ಮತ್ತೆ ಹಾಡಿದರು.

ಮುಂದಿನ ನಾಟಕಕ್ಕೆ ತಾರೀಖು ಕೊಟ್ಟಾಗಿದೆ. ಈಗ ಶ್ರುತಿ ಕೇಳಿದವರಿಗೆ “ಕರಿ ಒಂದ್ರೀ” ಎನ್ನುತ್ತಾರೆ, ಗತ್ತು ಮಾತ್ರ ಹಳೆಯದೇ. ರಂಗದ ಮೇಲೆ ಬಾಳಿದ ಈ ಜನ ಕಿರೀಟವನ್ನು ನಗುನಗುತ್ತ ಕಳಚಿ ಪೆಟ್ಟಿಗೆಗೆ ಹಾಕಬಲ್ಲರು. ಹಾಡನ್ನು ಹಾಗೆ ಕಳಚಿಡುವುದು ಅವರಿಗೆ ತಿಳಿಯದು. ನಿಂತು ಹಾಡಲು ಒಂದು ಪಟ್ಟಿ ಉಳಿದರೆ ಸಾಕು, ಅದು ಮೇಲಿನದೋ ಕೆಳಗಿನದೋ ಎಂಬ ಜಗಳವನ್ನು ಅವರು ಬಹಳ ದಿನ ನಡೆಸುವುದಿಲ್ಲ.