ಎರಡು ಬೆರಳು ಸಡಿಲ

ಪರ್ರನೆ ಹರಿಯಿತು ಬಿಳಿ ಬಟ್ಟೆ. ದಾದಾಪೀರ ನಾಲ್ಕು ಬೆರಳಗಲದ ಪಟ್ಟಿ ತೆಗೆದು, ಅಂಚು ಮಡಚಿ ಹೊಲಿಯಲು ಕೂತ. ಬೆಳಗಿನ ಜಾವ ತೀರಿಕೊಂಡ ಕೊಟ್ರಪ್ಪ ಮಾಸ್ತರರ ತಲೆ ನಿಲ್ಲಿಸಲು ಈ ಪಟ್ಟಿ. ಅವರ ಮಂದಿಯಲ್ಲಿ ಹೆಣವನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರ ಗಳ ಕಟ್ಟಿ ಹೊರಲು ಮಾಡಿದ ವಿಮಾನದಲ್ಲಿ ಕೂಡಿಸಿ, ಹಣೆಗೆ ಪಟ್ಟಿ ಸುತ್ತಿ, ಹಿಂದಿನ ಗಳಕ್ಕೆ ಬಿಗಿಯುತ್ತಾರೆ. ಬಿಗಿಯದಿದ್ದರೆ ಹೊತ್ತವರು ಹೆಜ್ಜೆ ಇಟ್ಟಂತೆಲ್ಲ ತಲೆ ವಾಲುತ್ತದೆ.

"ಲೇ ಸಮುದ್ರಗಳ್ಳಾ, ಜಲ್ದಿ ಮಾಡಪಾ. ನಾಕಕ್ಕ ಹೊಂಡಬೇಕು," ಎಂದ ಮಾಸ್ತರರ ತಮ್ಮ ದೇವಪ್ಪ.

ಸಮುದ್ರಗಳ್ಳ! ಹದಿನೈದು ವರ್ಷವಾಯಿತು, ಲಕ್ಷ್ಮೇಶ್ವರದ ನಾಲಿಗೆಯಿಂದ ಈ ಹೆಸರು ಇಳಿದಿಲ್ಲ. ದಾದಾಪೀರನ ಮದುವೆಯ ದಿನ ಬೀಗರೂ ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಹೆಸರಿಟ್ಟ ಪುಣ್ಯಾತ್ಮ ಇಗೋ, ಅದೇ ಹಳೆಯ ಕೋಟು ತೊಟ್ಟು, ಹಣೆ ತುಂಬ ವಿಭೂತಿ ಬಳಿಸಿಕೊಂಡು, ತಾನೇನೂ ಅರಿಯೆ ಎಂಬಂತೆ ಹೆಣವಾಗಿ ಗೋಡೆಗೆ ಒರಗಿದ್ದಾನೆ.

"ಒಂದ ಕೋಟಿನಾಗ ಇಪ್ಪತ್ತು ವರ್ಷ ಕಳದರು ನೋಡ್ರಿ," ಎಂದರು ಅಂಗಳದಲ್ಲಿ ಯಾರೋ.

"ಖರೆ. ಯಾರಿಗೂ ಒಂದು ಕೆಟ್ಟ ಮಾತು ಆಡಿದವರಲ್ಲ."

ದಾದಾಪೀರ ಹಲ್ಲು ಕಚ್ಚಿದ. ಆ ಕೋಟಿನ ಮೊಳಕೈಗೆ ಐದು ಸಲ ತೇಪೆ ಹಾಕಿದವನು ಅವನೇ.

* * *

ಎಪ್ಪತ್ತೊಂದನೆಯ ಇಸವಿ. ದಾದಾಪೀರ ಏಳನೆಯ ಇಯತ್ತೆಯಲ್ಲಿದ್ದ. ಶಾಲೆಯ ಜಗತ್ತಿನ ನಕಾಶೆ ಬಟ್ಟೆಗೆ ಅಂಟಿಸಿದ್ದು, ಅಂಚು ಹರಿದಿತ್ತು. "ನಿಮ್ಮಪ್ಪ ದರ್ಜಿ ಅದಾನಲ್ಲ, ಹೊಲಿಸ್ಕೊಂಡು ಬಾ," ಎಂದು ಮಾಸ್ತರರು ಅವನ ಕೈಗೆ ಕೊಟ್ಟರು.

ಅಪ್ಪ ಮುಂಡರಗಿಯ ಸಂತೆಗೆ ಹೋಗಿದ್ದ. ಹುಡುಗ ತಾನೇ ನಕಾಶೆ ಹಾಸಿ ನೋಡಿದ. ಆಫ್ರಿಕಾದ ಪಡುವಣ ದಂಡೆ, ದಕ್ಷಿಣ ಅಮೆರಿಕದ ಮೂಡಣ ದಂಡೆ, ಎರಡೂ ಒಂದೇ ಕತ್ತರಿ ಆಡಿಸಿದ ತುಂಡುಗಳು! ದರ್ಜಿಯ ಮಗನಿಗೆ ಇದನ್ನು ಹೇಳಿಕೊಡಬೇಕೇ? ನಡುವಿನ ನೀಲಿಯನ್ನು ಹೆಚ್ಚಿನ ಬಟ್ಟೆ ಎಂದು ಕತ್ತರಿಸಿ ಒಗೆದು, ದಂಡೆಗೆ ದಂಡೆ ಕೂಡಿಸಿ ಹೊಲಿದ. ಶಹಬ್ಬಾಸ್ ಅನ್ನುತ್ತಾರೆಂದು ಬೀಗುತ್ತ ಶಾಲೆಗೆ ಒಯ್ದ.

"ಸಮುದ್ರ ಎಲ್ಲೈತಲೇ?"

"ಹೆಚ್ಚಾಗಿತ್ತರಿ ಸರ. ಇವೆರಡೂ ಒಂದ ಅರಿವಿ, ಒಂದ ಬಟ್ಟಿರಿ. ಯಾರೋ ಹರದು ದೂರ ಸರಸ್ಯಾರ."

"ನೆಲ ಸರೀತೈತೇನಲೇ, ಕತ್ತಿ ಮಗನ?"

ಬೆತ್ತ ಮುರಿಯುವ ತನಕ ಹೊಡೆದರು. ಇಡೀ ವರ್ಗದಿಂದ ಹತ್ತು ಸಲ ಸಮುದ್ರಗಳ್ಳ ಎಂದು ಕೂಗಿಸಿದರು. ಮರುದಿನದಿಂದ ದಾದಾಪೀರ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ಹನ್ನೊಂದು ವರ್ಷದ ಮೇಲೆ, ಶಾಲೆಯ ಕಿಟಕಿಯ ಎದುರಿನ ತನ್ನ ಅಂಗಡಿಯಲ್ಲಿ ಮಷಿನ್ ತುಳಿಯುತ್ತಿದ್ದಾಗ ಮಾಸ್ತರರ ಪಾಠ ಕಿವಿಗೆ ಬಿತ್ತು. ಹೊಸ ಪುಸ್ತಕ ಬಂದಿತ್ತು.

"ನೆಲಾ ಅಂಬೂದು ದೊಡ್ಡ ದೊಡ್ಡ ಫಲಕ ಆಗಿ ಒಡದೈತಿ. ಅವು ಸರೀತಾವ, ವರ್ಷಕ್ಕ ನಮ್ಮ ಉಗುರು ಬೆಳದಷ್ಟು. ಆಫ್ರಿಕಾ, ದಕ್ಷಿಣ ಅಮೆರಿಕಾ ಒಂದ ಕಾಲಕ್ಕ ಕೂಡಿದ್ವು. ಅರಿವಿ ಹರದಂಗ ಹರದು, ನಡುವ ಸಮುದ್ರ ಹುಟ್ಟಿತು. ನಮ್ಮ ದೇಶ ಸರಕೋತ ಹೋಗಿ ಏಷ್ಯಾಕ್ಕ ಒತ್ತಿತು. ಅರಿವಿ ನೂಕಿದ್ರ ನಿರಿಗಿ ಏಳತಾವಲ್ಲ, ಹಂಗ ಹಿಮಾಲಯ ಎದ್ದಿತು."

ಅರಿವಿ! ತನ್ನ ಮಾತನ್ನೂ ಕದ್ದನಲ್ಲ! ದಾದಾಪೀರ ಎದ್ದು ನೇರ ವರ್ಗಕ್ಕೆ ನುಗ್ಗಿದ.

"ಸರ, ನಾ ಅಂದಿದ್ದು ಖರೆ ಇತ್ತಲ್ರಿ. ಈ ಹುಡುಗರ ಮುಂದ ಒಂದ ಸಲ ಹೌದಂತ ತಲಿ ಆಡಸ್ರಿ. ಅಷ್ಟ ಸಾಕು."

"ನಕಾಶಿ ಕತ್ತರಿಸಿದವನ ಮುಂದ ಈ ತಲಿ ಆಡಂಗಿಲ್ಲ. ನಡಿ."

ಪ್ರತಿ ವರ್ಷ ಆ ಪಾಠದ ದಿನ ಹೋಗಿ ಕೇಳಿದ. ನಾಲ್ಕು ವರ್ಷ ಕೇಳಿದ. ತಲೆ ಆಡಲಿಲ್ಲ.

* * *

ಮಾಸ್ತರರ ಹೆಂಡತಿ ನೀಲಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹತ್ತಿರ ಬಂದಳು.

"ನಿನ್ನೆ ಸಂಜಿಮುಂದ ದಾದಾಪೀರನ್ನ ಕರಿ, ಒಂದು ಮಾತು ಹೇಳೂದೈತಿ ಅಂದ್ರಪಾ. ನಾ ಬಾಗಲಾ ದಾಟಿದ್ದೆ. ಬ್ಯಾಡ ಬಾ, ಅವಗೇನು ಹೇಳೂದು ಅಂತ ಮಗ್ಗಲಾದರು."

ದಾದಾಪೀರ ಸೂಜಿ ನಿಲ್ಲಿಸಿದ. ಬಾಯಿಗೆ ಬಂದದ್ದನ್ನೂ ನುಂಗಿಕೊಂಡು ಸತ್ತನಲ್ಲ ಈ ಮನುಷ್ಯ! ಗೋರಿಗೆ ಹೋಗುವ ಮುನ್ನ ಇನ್ನು ಉಳಿದದ್ದು ಒಂದು ತಾಸು.

"ಇರ್ಲಿ ಬಿಡ್ರಿ ಅವ್ವಾರ," ಎಂದು ದಾರ ಕಡಿದ.

ಹೆಣವನ್ನು ವಿಮಾನದಲ್ಲಿ ಕೂಡಿಸಿದರು. ಪಟ್ಟಿ ಸುತ್ತಿದವನು ದಾದಾಪೀರನೇ. ಗಂಟು ಹಾಕುವಾಗ ಹಣೆಗೂ ಪಟ್ಟಿಗೂ ನಡುವೆ ಎರಡು ಬೆರಳು ತೂರಿಸಿ, ಗಂಟು ಬಿದ್ದ ಮೇಲೆ ಎಳೆದುಕೊಂಡ. ಅಂಗಿಯ ಕಾಲರಿಗೂ ಅವನು ಅಷ್ಟೇ ಸಡಿಲ ಬಿಡುತ್ತಾನೆ.

ದೇವಪ್ಪ ಮುಟ್ಟಿ ನೋಡಿದ. "ಸಡಲ ಆತಲ್ಲೋ?"

"ಬಿಗದ್ರ ಮಾಸ್ತರಗ ನೋವಾಗತೈತ್ರಿ."

ದೇವಪ್ಪನ ಕಣ್ಣು ತುಂಬಿತು. "ಎಂಥಾ ಮನಸಪಾ ನಿಂದು," ಎಂದು ಬೆನ್ನು ತಟ್ಟಿದ.

ಭಜನೆಯ ತಾಳದ ಹಿಂದೆ ವಿಮಾನ ನಿಧಾನ ಸಾಗಿ ಶಾಲೆಯ ಮುಂದೆ ನಿಂತಿತು. ಹುಡುಗರೆಲ್ಲ ಸಾಲಾಗಿ ನಿಂತು ಕೈ ಮುಗಿದಿದ್ದರು. ದಾದಾಪೀರ ಮಂದಿಯನ್ನು ಸರಿಸಿ ಮುಂದೆ ಬಂದು, ಹೆಣಕ್ಕೆ ಮುಖ ಕೊಟ್ಟು ನಿಂತ.

"ಸರ, ನೆಲ ಸರೀತೈತ್ರಿ?" ಎಂದು ಎಲ್ಲರಿಗೂ ಕೇಳುವಂತೆ ಕೂಗಿದ. "ನಾ ಅಂದಿದ್ದು ಖರೆ ಐತ್ರಿ?"

"ದುಃಖಕ್ಕ ತಲಿ ಕೆಟ್ಟೈತಿ ಪಾಪ, ನಡೀರಿ ನಡೀರಿ," ಎಂದರು ಯಾರೋ. ಹೊತ್ತವರು ಹೆಜ್ಜೆ ಎತ್ತಿದರು.

ಕೊಟ್ರಪ್ಪ ಮಾಸ್ತರರ ತಲೆ ಮುಂದಕ್ಕೆ ಬಾಗಿತು. ಹಿಂದಕ್ಕೆ ಬಂತು. ಮತ್ತೆ ಬಾಗಿತು. ಶಾಲೆಯ ಗೇಟಿನಿಂದ ಪೇಟೆ ದಾಟುವ ತನಕ ಹೆಜ್ಜೆ ಹೆಜ್ಜೆಗೂ ಬಾಗುತ್ತಲೇ ಹೋಯಿತು, ಹಣೆಯ ವಿಭೂತಿ ಸೀಮೆಸುಣ್ಣದ ಪುಡಿಯಂತೆ ಉದುರಿ ತೇಪೆಯ ಕೋಟಿನ ಮೇಲೆ ಬೀಳುತ್ತಿತ್ತು.